ಆರಡಿ ಮೂರಿಂಚಿನ ನನಗೆ ಬೈಕ್ ಸರಿಹೋದ ಬಗೆ

ನನ್ನ ಎತ್ತರ ಆರಡಿ ಮೂರಿಂಚು. ಗಾಡಿ 350 ಸಿಸಿ, ಸೀಟಿನ ಎತ್ತರ ಸುಮಾರು 800 ಮಿ.ಮೀ. ಸಿದ್ದಾಪುರದಿಂದ ಮಡಿಕೇರಿಗೆ ಹೊರಟರೆ ಚೆಟ್ಟಳ್ಳಿ ದಾಟುವ ಹೊತ್ತಿಗೆ ಮಂಡಿಚಿಪ್ಪಿನ ಕೆಳಗೆ ನೋವು ಶುರು. ಮೈಸೂರಿಗೆ ಹೋದರಂತೂ ಹುಣಸೂರಲ್ಲಿ ಗಾಡಿ ನಿಲ್ಲಿಸಿ, ಕಾಲು ನೀಡಿಕೊಂಡು ಕೂರಲೇಬೇಕಿತ್ತು. ಗಾಡಿ ಮಾರಿ ಎತ್ತರದ್ದು ತಗೋ ಅಂತ ಎಲ್ಲರೂ ಹೇಳಿದರು. ಇಷ್ಟಪಟ್ಟು ತಗೊಂಡ ಗಾಡಿ, ಮಾರೋಕೆ ಮನಸ್ಸು ಬರಲಿಲ್ಲ.

ಎತ್ತರ ಇರುವವರು ಸಾಮಾನ್ಯವಾಗಿ ಮೊದಲು ಹ್ಯಾಂಡಲ್‌ಗೆ ಕೈ ಹಾಕ್ತಾರೆ. ನಾನೂ ಹಾಗೇ ಮಾಡಿದೆ, ಹ್ಯಾಂಡಲನ್ನು ಒಂದಿಂಚು ಎತ್ತರಿಸುವ ರೈಸರ್ ಹಾಕಿಸಿದೆ. ಬೆನ್ನು ನೆಟ್ಟಗಾಯ್ತು, ಮಂಡಿ ನೋವು ಹಾಗೇ ಉಳಿಯಿತು. ಆಮೇಲೆ ಟೇಪ್ ಹಿಡಿದು ಸೀಟಿನಿಂದ ಫುಟ್‌ರೆಸ್ಟ್‌ವರೆಗೆ ಅಳೆದೆ: 19 ಇಂಚು. ನನ್ನ ಕಾಲಿಗೆ ಅದು ಏನೇನೂ ಸಾಲದು. ಮಂಡಿ ಜಾಸ್ತಿ ಮಡಚಿದಷ್ಟೂ ಚಿಪ್ಪಿನ ಹಿಂದೆ ಒತ್ತಡ ಜಾಸ್ತಿ. ಅಂದರೆ ಬದಲಾಗಬೇಕಿದ್ದದ್ದು ಈ ಅಂತರ, ಹ್ಯಾಂಡಲ್ ಅಲ್ಲ.

ಫುಟ್‌ರೆಸ್ಟನ್ನು ಒಂದಿಂಚು ಕೆಳಗಿಳಿಸುವ ಬ್ರಾಕೆಟ್ ಹಾಕಿ ನೋಡಿದೆ. ಸಂಪಾಜೆ ಘಾಟಿಯ ತಿರುವಲ್ಲಿ ಗಾಡಿ ವಾಲಿದಾಗ ಕೆಳಗೆ ರಸ್ತೆಗೆ ಉಜ್ಜಿದ ಸದ್ದು ಕೇಳಿತು, ಎದೆ ಧಸಕ್ ಅಂತು. ತೋಟದ ದಾರಿಯಲ್ಲಿ ಕಲ್ಲಿಗೂ ತಾಗುತ್ತಿತ್ತು. ಎರಡೇ ದಿನಕ್ಕೆ ಬಿಚ್ಚಿಸಿದೆ. ನಮ್ಮ ಘಾಟಿ ರಸ್ತೆಗಳಿಗೆ ಇದು ಬೇಡವೇ ಬೇಡ ಅಂತ ನನ್ನ ಅಭಿಪ್ರಾಯ.

ಉಳಿದದ್ದು ಸೀಟು. ಸುಮ್ನೆ ಕತ್ತರಿಸಿ ದುಡ್ಡು ಹಾಳುಮಾಡುವ ಮುಂಚೆ, ಕಾಫಿ ತುಂಬುವ ಗೋಣಿಚೀಲವನ್ನು ಮಡಚಿ ಸೀಟಿನ ಮೇಲಿಟ್ಟು, ಹಳೇ ಟ್ಯೂಬಿನ ಪಟ್ಟಿಯಿಂದ ಅಲುಗಾಡದ ಹಾಗೆ ಬಿಗಿದು, ತೋಟದ ಒಳದಾರಿಯಲ್ಲೇ ನಿಧಾನವಾಗಿ ಓಡಿಸಿದೆ. ಮೊದಲ ದಿನ ಎರಡು ಮಡಿಕೆ, ಮಾರನೇ ದಿನ ಮೂರು, ಆಮೇಲೆ ನಾಲ್ಕು. ನಾಲ್ಕಕ್ಕೆ ಮಂಡಿ ಹಗುರವಾಯ್ತು. ನಿಲ್ಲಿಸಿದಾಗ ಎರಡೂ ಪಾದ ಪೂರ್ತಿ ನೆಲಕ್ಕೆ ಸಿಗುತ್ತಿತ್ತು. ಕೂತಾಗ ಅಳೆದರೆ ಒಂದೂವರೆ ಇಂಚು ಮೇಲಿದ್ದೆ. ಆ ಅಳತೆ ಹಿಡಿದುಕೊಂಡು ಗೋಣಿಕೊಪ್ಪದ ಸೀಟ್ ಕೆಲಸದವರ ಹತ್ತಿರ ಹೋದೆ.

ಮೆತ್ತನೆ ಫೋಮ್ ಹಾಕಿ ಅಂದೆ. ಅವರು ಒಪ್ಪಲಿಲ್ಲ. "ಅಣ್ಣಾ, ಮೆತ್ತಗಿದ್ರೆ ಅರ್ಧ ಗಂಟೆ ಸುಖ, ಆಮೇಲೆ ಹಲಗೆ ಮೇಲೆ ಕೂತಂಗೆ ಆಗುತ್ತೆ" ಅಂದರು. ಅಡಿಯಲ್ಲಿ ಗಟ್ಟಿಯಾದ ರೀಬಾಂಡ್ ಫೋಮ್ (ಫೋಮ್ ಚೂರುಗಳನ್ನು ಒತ್ತಿ ಅಂಟಿಸಿ ಮಾಡಿದ್ದು), ಮೇಲೆ ತೆಳ್ಳಗೆ ಮೆತ್ತನೆಯದು ಹಾಕಿದರು. ಅವರು ಹೇಳಿದ್ದೇ ಸರಿ. ಸೀಟಿನ ಮುಂಭಾಗ ಸ್ವಲ್ಪ ಇಳಿಜಾರಾಗಿ ಟ್ಯಾಂಕ್ ಕಡೆ ಜಾರುತ್ತಿದ್ದೆ, ಅದನ್ನೂ ಮಟ್ಟ ಮಾಡಿಸಿದೆ. ಹಿಂದಿನ ಸೀಟು ಮುಟ್ಟಲಿಲ್ಲ, ಅಮ್ಮ ಹತ್ತಿ ಕೂರಬೇಕು ಅಲ್ವಾ.

ಸೀಟು ಎತ್ತರಿಸಿದರೆ ಬೇರೆಯದೂ ಬದಲಾಗುತ್ತೆ. ಹ್ಯಾಂಡಲ್ ತಗ್ಗಾದ ಹಾಗೆ ಅನಿಸುತ್ತೆ, ಮೊದಲು ಹಾಕಿಸಿದ್ದ ರೈಸರ್ ಈಗ ಕೆಲಸಕ್ಕೆ ಬಂತು. ರೈಸರ್ ಹಾಕಿಸುವವರು ಒಂದು ಪರೀಕ್ಷೆ ತಪ್ಪಿಸಬೇಡಿ. ಗಾಡಿ ನ್ಯೂಟ್ರಲ್‌ನಲ್ಲಿಟ್ಟು ಸ್ಟಾರ್ಟ್ ಮಾಡಿ ಹ್ಯಾಂಡಲ್ ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ. ಎಂಜಿನ್ ಸದ್ದು ಏರಿದರೆ ಆಕ್ಸಿಲರೇಟರ್ ಕೇಬಲ್ ಎಳೆದುಕೊಳ್ಳುತ್ತಿದೆ ಅಂತ ಅರ್ಥ, ಹಾಗೇ ಓಡಿಸಬೇಡಿ. ಕ್ಲಚ್ ಕೇಬಲ್, ಮುಂದಿನ ಬ್ರೇಕ್ ಹೋಸ್ ಕೂಡ ಬಿಗಿಯಾಗಬಾರದು. ಕನ್ನಡಿಗಳನ್ನೂ, ಗೇರ್ ಲಿವರನ್ನೂ ಹೊಸದಾಗಿ ಹೊಂದಿಸಿಕೊಳ್ಳಬೇಕು. ಲಿವರ್ ಶಾಫ್ಟಿನ ಮೇಲೆ ಹಲ್ಲುಗಳಿವೆ, ಬೋಲ್ಟ್ ಸಡಿಲಿಸಿ ಒಂದೇ ಒಂದು ಹಲ್ಲು ಆಚೆ ಸರಿಸಿದ್ದಕ್ಕೆ ನನ್ನ 12ನೇ ನಂಬರ್ ಶೂ ಸಲೀಸಾಗಿ ಕೆಳಗೆ ಹೋಗುತ್ತೆ.

ಹೆದ್ದಾರಿಯಲ್ಲಿ ಗಾಳಿ ಹೆಲ್ಮೆಟ್ಟಿಗೆ ಮೊದಲಿಗಿಂತ ಜಾಸ್ತಿ ಬಡಿಯುತ್ತೆ. ಅದಕ್ಕಿನ್ನೂ ಏನೂ ಮಾಡಿಲ್ಲ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು: ರೆಕ್ಸಿನ್ ಹೊಲಿಗೆ ಸೀಟಿನ ಮೇಲ್ಭಾಗದಲ್ಲಿ ಬರದ ಹಾಗೆ, ಪಕ್ಕಕ್ಕೆ ಇಳಿಸಿ ಹೊಲಿಸಿ. ಫೋಮಿನ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಹಾಕಿಸಿ. ಹೊಲಿಗೆಯ ತೂತಲ್ಲಿ ನೀರಿಳಿದರೆ ನಮ್ಮ ಜುಲೈ ಮಳೆಗೆ ಫೋಮ್ ವಾರವಾದರೂ ಒಣಗಲ್ಲ. ನನ್ನ ಗಾಡಿ ಈ ಮಳೆಗಾಲ ಎಷ್ಟೋ ರಾತ್ರಿ ಹೊರಗೇ ನಿಂತಿತ್ತು. ಬೆಳಿಗ್ಗೆ ಸೀಟು ಒತ್ತಿದರೆ ಒಂದು ಹನಿ ನೀರೂ ಬಂದಿಲ್ಲ.