ಹಲಸು ಹಣ್ಣಾಗುವ ಮೊದಲೇ

ಶಿರಸಿ ಸೀಮೆಯ ಅಡಿಕೆ ತೋಟದ ಮನೆಗಳಲ್ಲಿ ತಟ್ಟೆಯಲ್ಲಿ ಬಿಟ್ಟು ಹಾಳಾಗುವ ಊಟಕ್ಕಿಂತ ಮರದ ಬುಡದಲ್ಲಿ ಬಿದ್ದು ಕೊಳೆಯುವ ಹಲಸೇ ಹೆಚ್ಚು. ಮೇ ಮುಗಿಯುತ್ತಿದ್ದಂತೆ ಬೆಟ್ಟದ ಹಲಸಿನ ಮರಗಳು ಒಂದರ ಹಿಂದೊಂದರಂತೆ ಹಣ್ಣು ಉದುರಿಸತೊಡಗುತ್ತವೆ. ಅದೇ ಹೊತ್ತಿಗೆ ಮಳೆಗಾಲವೂ ಕಾಲಿಡುತ್ತದೆ. ವರ್ಷಕ್ಕೆ ಸುಮಾರು 2,500 ಮಿಲಿಮೀಟರ್ ಮಳೆ ಸುರಿಯುವ ಈ ಕಡೆ ಜೂನ್ ಮೊದಲ ವಾರ ದಾಟಿತೆಂದರೆ ಅಂಗಳದಲ್ಲಿ ಏನನ್ನೂ ಒಣಹಾಕುವಂತಿಲ್ಲ. ಆದ್ದರಿಂದ ಹಣ್ಣು ರಾಶಿ ಬಿದ್ದ ಮೇಲೆ ಏನು ಮಾಡಲಿ ಎಂದು ಯೋಚಿಸುವವರಿಗೆ ಕಾಲ ಮೀರಿರುತ್ತದೆ. ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಅತ್ತೆಯವರ ಜೊತೆ ಕೆಲಸ ಮಾಡುತ್ತ ನಾನು ಕಂಡುಕೊಂಡ ಉಪಾಯ ಇಷ್ಟೇ: ಹಲಸನ್ನು ಕಾಯಿಯಾಗಿರುವಾಗಲೇ ಆದಷ್ಟು ಇಳಿಸಿಬಿಡುವುದು, ಬಿಸಿಲಿರುವ ತನಕ ಬಿಸಿಲನ್ನು ನಂಬುವುದು, ಆಮೇಲೆ ಉಪ್ಪನ್ನು.

ಬಿಸಿಲಿನ ಪಾಲಿಗೆ ಹೋಗುವುದು ಹಪ್ಪಳ. ಏಪ್ರಿಲ್ ಹೊತ್ತಿಗೆ ಮರದ ಮೇಲಿನ ಕಾಯಿಗಳನ್ನು ಗಮನಿಸುತ್ತಿರುತ್ತೇನೆ. ಮುಳ್ಳುಗಳ ನಡುವೆ ಅಂತರ ಬಿಟ್ಟುಕೊಂಡು ಮೊನೆ ಮೊಂಡಾಗಿದ್ದರೆ ಕಾಯಿ ಬಲಿತಿದೆ ಎಂದರ್ಥ. ಆದರೆ ಹಣ್ಣಿನ ಕಡೆಗೆ ತಿರುಗಿರಬಾರದು. ಬಿಡಿಸಿದ ಸೊಳೆಯನ್ನು ಬಾಯಿಗೆ ಹಾಕಿಕೊಂಡು ನೋಡಿದಾಗ ಸ್ವಲ್ಪವೇ ಸಿಹಿ ಹತ್ತಿದರೂ ಅದನ್ನು ಹಪ್ಪಳಕ್ಕೆ ಬಳಸುವುದಿಲ್ಲ, ಏಕೆಂದರೆ ಸಕ್ಕರೆಯ ಅಂಶ ಏರಿದ ಸೊಳೆಯ ಹಪ್ಪಳ ಎಣ್ಣೆಗೆ ಬಿದ್ದ ಕೂಡಲೇ ಕೆಂಪಾಗಿ ಸೀದುಹೋಗುತ್ತದೆ, ಒಳಗೆ ಗರಿಯೂ ಆಗುವುದಿಲ್ಲ. ಸರಿಯಾದ ಸೊಳೆಯನ್ನು ಹಬೆಯಲ್ಲಿ ಬೇಯಿಸಿ, ಬಿಸಿ ಆರುವ ಮೊದಲೇ ಉಪ್ಪು, ಮೆಣಸು, ಜೀರಿಗೆ ಹಾಕಿ ಒರಳಿನಲ್ಲಿ ಕುಟ್ಟಬೇಕು. ಆರಿದರೆ ಹಿಟ್ಟು ಗಂಟುಗಂಟಾಗಿ ಉಳಿದು ಹಪ್ಪಳದ ಅಂಚು ಸೀಳುತ್ತದೆ. ಕೈಗೆ ಎಣ್ಣೆ ಸವರಿಕೊಂಡು ಉಂಡೆ ಕಟ್ಟಿ, ಎಣ್ಣೆ ಹಚ್ಚಿದ ಎರಡು ಹಾಳೆಗಳ ನಡುವೆ ಇಟ್ಟು ಮಣೆಯಿಂದ ಒತ್ತಿ ಚಾಪೆಯ ಮೇಲೆ ಹರವಿದರೆ, ಉಳಿದ ಕೆಲಸ ಬಿಸಿಲಿನದು ಮತ್ತು ಕಾಗೆ ಕಾಯುವ ಮಕ್ಕಳದು. ಹಸಿ ಹಪ್ಪಳದ ಹಿಟ್ಟಿಗೆ ತೆಂಗಿನೆಣ್ಣೆ ಹಚ್ಚಿಕೊಂಡು ಮಕ್ಕಳು ತಿನ್ನುವ ಪಾಲನ್ನೂ ಲೆಕ್ಕಕ್ಕೆ ಹಿಡಿದೇ ಕಾಯಿ ಇಳಿಸಬೇಕಾಗುತ್ತದೆ.

ಮೋಡ ಕಟ್ಟತೊಡಗಿದ ಮೇಲೆ ಇಳಿಸಿದ ಕಾಯಿಗಳೆಲ್ಲ ಭರಣಿಗೆ. ನಮ್ಮಲ್ಲಿ ನಾಲ್ಕು ಪಾತ್ರೆ ಸೊಳೆಗೆ ಒಂದು ಪಾತ್ರೆ ಕಲ್ಲುಪ್ಪಿನ ಅಳತೆ. ಬೇಳೆ, ಅಂದರೆ ಹಲಸಿನ ಬೀಜ, ತೆಗೆದು ಉದ್ದಕ್ಕೆ ಸೀಳಿದ ಸೊಳೆಯನ್ನೂ ಉಪ್ಪನ್ನೂ ಪದರಪದರವಾಗಿ ತುಂಬಿ, ಮೇಲೆ ಭಾರದ ಕಲ್ಲು ಹೇರಿದರೆ ಸೊಳೆ ತಾನೇ ನೀರು ಬಿಟ್ಟುಕೊಂಡು ಅದರಲ್ಲಿ ಮುಳುಗುತ್ತದೆ. ಮುಳುಗಿರುವುದೇ ಮುಖ್ಯ, ಗಾಳಿಗೆ ತೆರೆದುಕೊಂಡ ಸೊಳೆ ಮೊದಲು ಕಪ್ಪಾಗಿ ಆಮೇಲೆ ಕೆಡುತ್ತದೆ. ಒದ್ದೆ ಕೈ, ಒದ್ದೆ ಸೌಟು ಭರಣಿಯ ಹತ್ತಿರ ಸುಳಿಯಕೂಡದು. ಬೇಕಾದಾಗ ತೆಗೆದು, ನೀರು ಬದಲಿಸುತ್ತ ನೆನೆಸಿಟ್ಟು ಉಪ್ಪು ಬಿಡಿಸಿದರೆ, ತೋಟದಲ್ಲಿ ತರಕಾರಿಯೇ ಸಿಗದ ಆಷಾಢದಲ್ಲಿ ಪಲ್ಯಕ್ಕೂ ಹುಳಿಗೂ ರೊಟ್ಟಿಗೂ ಇದೇ ಆಧಾರ. ಪಲ್ಯಕ್ಕಿಂತ ರೊಟ್ಟಿಯೇ ಚೆನ್ನ ಎಂಬುದು ನನ್ನ ಅಭಿಪ್ರಾಯ. ಮನೆಯಲ್ಲಿ ಎಲ್ಲರೂ ಒಪ್ಪುವುದಿಲ್ಲ.

ಇಷ್ಟು ಮಾಡಿದರೂ ಕೆಲವು ಹಣ್ಣಾಗಿಯೇ ಆಗುತ್ತವೆ. ಸೊಳೆ ಗಟ್ಟಿಯಾಗಿರುವ ಬಕ್ಕೆ ಹಣ್ಣನ್ನು ತಿನ್ನುವವರು, ಕೇಳಿ ಒಯ್ಯುವವರು ಬೇಕಾದಷ್ಟು ಜನ ಇದ್ದಾರೆ. ಯಾರಿಗೂ ಬೇಡವಾಗುವುದು ಸೊಳೆ ಮೆತ್ತಗಿರುವ ಅಂಬಲಿ ಹಣ್ಣು. ಅದರ ರಸ ಹಿಂಡಿ ಅಕ್ಕಿತರಿ, ಬೆಲ್ಲ, ಕಾಯಿತುರಿ ಸೇರಿಸಿ ಬಾಳೆಲೆಯಲ್ಲಿ ಕಡುಬು ಬೇಯಿಸುತ್ತೇನೆ. ಕಡುಬಿಗೆ ಬಕ್ಕೆಗಿಂತ ಅಂಬಲಿಯೇ ಮೃದುವಾಗಿ ಒದಗುತ್ತದೆ. ಬೇಳೆಯನ್ನು ಎಸೆಯುವ ಮಾತೇ ಇಲ್ಲ. ತೊಳೆದು ನೆರಳಿನಲ್ಲಿ ಆರಿಸಿ, ಕೆಮ್ಮಣ್ಣಿನಲ್ಲಿ ಹೊರಳಿಸಿ ಒಣಗಿಸಿಟ್ಟರೆ ಮಳೆಗಾಲದ ಹುಳಿಗೆ ಕೈಗೆಟುಕುವಂತೆ ಇರುತ್ತದೆ. ಅದನ್ನು ಹಸಿಯಾಗಿ ತಿನ್ನಬಾರದು, ಏಕೆಂದರೆ ಅದರಲ್ಲಿ ಪ್ರೋಟೀನ್ ಜೀರ್ಣವಾಗುವುದನ್ನು ತಡೆಯುವ ಅಂಶವಿದ್ದು, ಬೇಯಿಸಿದಾಗ ಅದು ಕುಗ್ಗುತ್ತದೆ. ಬಚ್ಚಲ ಒಲೆಯ ಕೆಂಡದಲ್ಲಿ ಸುಡುವುದಾದರೆ ಮೊದಲು ಒಂದು ಬದಿ ಕಚ್ಚು ಹಾಕಬೇಕು, ಇಲ್ಲವಾದರೆ ಸಿಡಿದು ಮುಖಕ್ಕೆ ಹಾರುತ್ತದೆ.

ಮುಳ್ಳಿನ ಸಿಪ್ಪೆ, ನಾರು, ನಡುವಿನ ದಿಂಡು ಕೊಟ್ಟಿಗೆಗೆ ಹೋಗುತ್ತವೆ. ದನಗಳಿಗೆ ಇದೆಂದರೆ ಪ್ರಾಣ. ಹಾಗೆಂದು ಕಳಿತ ಹಣ್ಣನ್ನು ಬುಟ್ಟಿಗಟ್ಟಲೆ ಸುರಿಯಬಾರದು. ಸಿಹಿಯ ಅಂಶ ಹೊಟ್ಟೆಯಲ್ಲಿ ಬೇಗ ಹುಳಿತು ಹೊಟ್ಟೆ ಉಬ್ಬರಿಸುತ್ತದೆ, ದನ ಮೇವು ಬಿಡುತ್ತದೆ. ಜೀವಕ್ಕೇ ಅಪಾಯ ಬರುವುದುಂಟು. ನಾನು ಸಿಪ್ಪೆಯನ್ನು ಕೊಚ್ಚಿ, ಹುಲ್ಲಿನ ಜೊತೆ ಬೆರೆಸಿ, ಸ್ವಲ್ಪಸ್ವಲ್ಪವಾಗಿ ಕೊಡುತ್ತೇನೆ. ಮಿಕ್ಕದ್ದು ಗೊಬ್ಬರದ ಗುಂಡಿಗೆ.

ದಿನನಿತ್ಯದ ಅಡುಗೆಯಲ್ಲಿ ಉಳಿಯುವುದರ ವಿಷಯದಲ್ಲಿ ನನಗೆ ಅಷ್ಟು ಕಷ್ಟವಾಗಿಲ್ಲ, ಏಕೆಂದರೆ ನಮ್ಮ ಕಡೆಯ ತಂಬುಳಿಯೇ ಅದಕ್ಕೆ ಉತ್ತರ. ದಾಳಿಂಬೆಯ ಸಿಪ್ಪೆಯನ್ನೋ ಬಾಡತೊಡಗಿದ ಸೊಪ್ಪನ್ನೋ ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಹುರಿದು, ಕಾಯಿತುರಿಯೊಡನೆ ರುಬ್ಬಿ ಮಜ್ಜಿಗೆಗೆ ಕಲಸಿದರೆ ಮುಗಿಯಿತು. ಹೀರೆಕಾಯಿಯ ಸಿಪ್ಪೆ ಚಟ್ನಿಯಾಗುತ್ತದೆ. ಬೀಜ ಬಲಿತ ಮೊಗೆಕಾಯಿಯನ್ನು ತುರಿದು ಅಕ್ಕಿಯೊಡನೆ ರುಬ್ಬಿ ತೆಳ್ಳೇವು, ಅಂದರೆ ತೆಳು ದೋಸೆ, ಎರೆಯುತ್ತೇನೆ.

ಅನ್ನದ ವಿಷಯದಲ್ಲಿ ಮಾತ್ರ ನಾನು ಹಳಬರಿಗಿಂತ ಬಿಗಿ. ಅಕ್ಕಿಯಲ್ಲಿರುವ ಒಂದು ಬಗೆಯ ಸೂಕ್ಷ್ಮಾಣುವಿನ ಬೀಜಕಗಳು ಕುದಿಸಿದರೂ ಉಳಿದುಕೊಂಡು, ಅನ್ನ ಬೆಚ್ಚಗೆ ಕುಳಿತಿದ್ದಾಗ ಮೊಳೆತು ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಆದುದರಿಂದ ಮಧ್ಯಾಹ್ನದ ಊಟ ಮುಗಿದು ಎರಡು ಗಂಟೆಯೊಳಗೆ ಉಳಿದ ಅನ್ನವನ್ನು ಅಗಲ ಪಾತ್ರೆಯಲ್ಲಿ ಹರವಿ ಆರಿಸಿ ಫ್ರಿಜ್‌ಗೆ ಇಡುತ್ತೇನೆ. ಮಾರನೆಯ ಬೆಳಗಿನ ಚಿತ್ರಾನ್ನಕ್ಕೋ ರೊಟ್ಟಿ ಹಿಟ್ಟಿಗೋ ಅದು ಸೇರುತ್ತದೆ. ಗಾಳಿಮಳೆಗೆ ಕರೆಂಟು ಕೈಕೊಡುವ ದಿನಗಳಲ್ಲಿ ಫ್ರಿಜ್ಜನ್ನು ನಂಬುವಂತಿಲ್ಲವಾದ್ದರಿಂದ, ಆ ಎರಡು ತಿಂಗಳು ಅಕ್ಕಿಯನ್ನೇ ಅಳೆದು, ಕೊಂಚ ಕಡಿಮೆ ಹಾಕುತ್ತೇನೆ. ಸಾಲದಿದ್ದರೆ ಹಪ್ಪಳ ಸುಡುವುದು ಇದ್ದೇ ಇದೆ.

ಡಬ್ಬಿಯಲ್ಲಿಟ್ಟ ಹಪ್ಪಳಕ್ಕೂ ಶ್ರಾವಣದ ಹೊತ್ತಿಗೆ ಥಂಡಿ ಹಿಡಿಯುತ್ತದೆ. ನಡುವೆ ಬಿಸಿಲು ಬಿದ್ದ ದಿನ ತೆಗೆದು ಕಾಯಿಸುತ್ತೇನೆ, ಬಿಸಿಲು ಬಾರದಿದ್ದರೆ ಒಲೆಯ ಮೇಲಿನ ಅಟ್ಟಕ್ಕೆ ಏರಿಸುತ್ತೇನೆ. ಇಷ್ಟಾಗಿಯೂ ಬೂಸ್ಟು ಕಾಣಿಸಿದರೆ ಒರೆಸಿ ಕರಿಯುವವರನ್ನು ಕಂಡಿದ್ದೇನೆ. ನಾನು ಹಾಗೆ ಮಾಡುವುದಿಲ್ಲ. ಕೆಲವು ಬೂಸ್ಟುಗಳ ವಿಷ ಕಾದ ಎಣ್ಣೆಯಲ್ಲೂ ಪೂರ್ತಿ ನಾಶವಾಗುವುದಿಲ್ಲವಾದ್ದರಿಂದ, ಅಂಥ ಹಪ್ಪಳವನ್ನು ದನಕ್ಕೂ ಹಾಕದೆ ನೇರವಾಗಿ ಗುಂಡಿಗೆ ಹಾಕಿ ಮಣ್ಣು ಎಳೆಯುತ್ತೇನೆ.