ಆನ್‌ಲೈನ್ ಎಣ್ಣೆ ದರವನ್ನು ಎಕ್ಸೆಲ್‌ಗೆ ಇಳಿಸುವುದು ಹೇಗೆ?

ಚಳ್ಳಕೆರೆಯ ಗಾಣದವರೊಬ್ಬರು ನನ್ನ ಮುಂದೆ ಲ್ಯಾಪ್‌ಟಾಪ್ ತೆರೆದಿಟ್ಟಾಗ ಎದೆ ಧಸಕ್ಕೆಂದಿತು. ಆನ್‌ಲೈನ್‌ನಲ್ಲಿ ಶೇಂಗಾ ಎಣ್ಣೆ ಯಾವ ದರಕ್ಕೆ ಹೋಗುತ್ತಿದೆ ಎಂದು ಇನ್ನೂರು ಸಾಲಿನ ಪಟ್ಟಿ ಮಾಡಿಕೊಂಡಿದ್ದರು. ಎಂಟನೇ ಸಾಲಿನಿಂದ ಕೆಳಗೆ ಬೆಲೆಗಳೆಲ್ಲ ಒಂದೊಂದು ಮನೆ (ಸೆಲ್) ಮೇಲಕ್ಕೆ ಜಾರಿದ್ದವು. ಐದು ಲೀಟರ್ ಕ್ಯಾನಿನ ಬೆಲೆ ಅರ್ಧ ಲೀಟರ್ ಬಾಟಲಿಯ ಎದುರು ಕೂತಿತ್ತು. ಅದನ್ನೇ ನಂಬಿ ಹಬ್ಬದ ದರ ಬರೆಸಿದ್ದರು. ಇದೇ ತಪ್ಪನ್ನು ಚಿತ್ರದುರ್ಗ, ದಾವಣಗೆರೆಯ ಅಂಗಡಿಗಳಲ್ಲೂ ಮತ್ತೆ ಮತ್ತೆ ಕಂಡಿದ್ದೇನೆ.

ಶುರು ಮಾಡುವ ಮೊದಲು, ದರ ಎತ್ತಬೇಕೆಂದಿರುವ ಜಾಲತಾಣದ ಬಳಕೆಯ ಷರತ್ತು ಓದಿ. ಯಂತ್ರದಿಂದ ಮಾಹಿತಿ ಎತ್ತಬಾರದು ಎಂದು ಬರೆದಿರುವ ಮಾರುಕಟ್ಟೆಗಳಿವೆ. ಅಂಥಲ್ಲಿ ಕೈಹಾಕಬೇಡಿ. ಮುಖಪುಟದ ವಿಳಾಸದ ಕೊನೆಗೆ ‘ರೋಬಾಟ್ಸ್ ಡಾಟ್ ಟಿಎಕ್ಸ್‌ಟಿ’ (/robots.txt) ಎಂದು ಇಂಗ್ಲಿಷಿನಲ್ಲಿ ಸೇರಿಸಿದರೆ ಯಾವ ಪುಟಗಳಿಗೆ ಯಂತ್ರಗಳು ಬರಬಾರದು ಎಂಬ ಪಟ್ಟಿ ತೆರೆಯುತ್ತದೆ. 1994ರಿಂದ ನಡೆದುಬಂದ ರೂಢಿ ಇದು. ಅದನ್ನೂ ನೋಡಿ. ಗ್ರಾಹಕರ ಹೆಸರು, ಫೋನ್ ನಂಬರ್ ಎತ್ತಲೇಬೇಡಿ. ನಮಗೆ ಬೇಕಿರುವುದು ಸರಕಿನ ದರ ಮಾತ್ರ.

ಸಲಕರಣೆಗೆ ಕ್ರೋಮ್‌ನ ‘ವೆಬ್ ಸ್ಕ್ರೇಪರ್’ ಎಕ್ಸ್‌ಟೆನ್ಷನ್ ಸಾಕು, ದುಡ್ಡು ಕೊಡಬೇಕಿಲ್ಲ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಆಮೇಲೆ ಕಲಿಯಬಹುದು. ಒಂದೇ ಕ್ಲಿಕ್ಕಿಗೆ ಎಲ್ಲ ಬರುತ್ತದೆ ಎಂದು ಮಾರುವ ಸಾಫ್ಟ್‌ವೇರ್ ಕೊಳ್ಳಬೇಡಿ. ನಿಮ್ಮ ಮಾರಾಟದ ಖಾತೆಯ ಪಾಸ್‌ವರ್ಡ್ ಕೇಳುವಂಥದ್ದನ್ನಂತೂ ಇನ್‌ಸ್ಟಾಲ್ ಕೂಡ ಮಾಡಬೇಡಿ. ಮೊದಲ ಎರಡು ದಿನ ವೆಬ್ ಸ್ಕ್ರೇಪರ್ ಕಂಪನಿಯವರೇ ಅಭ್ಯಾಸಕ್ಕೆಂದು ಇಟ್ಟಿರುವ ಪರೀಕ್ಷಾ ಜಾಲತಾಣದ ಮೇಲೆ ಕೈ ಪಳಗಿಸಿ.

ಎಫ್12 ಒತ್ತಿ, ವೆಬ್ ಸ್ಕ್ರೇಪರ್ ಟ್ಯಾಬಿಗೆ ಹೋಗಿ, ಹೊಸ ಸೈಟ್‌ಮ್ಯಾಪ್ (ಯಾವ ಪುಟದಿಂದ ಏನು ಎತ್ತಬೇಕೆಂಬ ನಕ್ಷೆ) ಮಾಡಿ, ಪುಟದ ವಿಳಾಸ ಅಂಟಿಸಿ.

ಎಲ್ಲರೂ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಪುಟದ ಯಾವ ಭಾಗ ಎತ್ತಬೇಕೆಂದು ಯಂತ್ರಕ್ಕೆ ತೋರಿಸುವ ಗುರುತೇ ಸೆಲೆಕ್ಟರ್. ಹೆಸರಿಗೊಂದು ಸೆಲೆಕ್ಟರ್, ಬೆಲೆಗೊಂದು ಸೆಲೆಕ್ಟರ್ ಎಂದು ಬಿಡಿಬಿಡಿಯಾಗಿ ಮಾಡಿ ಎರಡಕ್ಕೂ ‘ಮಲ್ಟಿಪಲ್’ (ಒಂದಲ್ಲ, ಹಲವು ಎತ್ತು) ಟಿಕ್ ಹಾಕುತ್ತಾರೆ. ಆಗ ಯಾವ ಹೆಸರಿಗೆ ಯಾವ ಬೆಲೆ ಎಂಬುದು ಯಂತ್ರಕ್ಕೆ ಗೊತ್ತೇ ಆಗುವುದಿಲ್ಲ. ಹೆಸರುಗಳು ಒಂದಿಷ್ಟು ಸಾಲಿನಲ್ಲಿ, ಬೆಲೆಗಳು ಇನ್ನೊಂದಿಷ್ಟು ಸಾಲಿನಲ್ಲಿ ಬರುತ್ತವೆ. ಜನ ಖಾಲಿ ಮನೆಗಳನ್ನು ಅಳಿಸಿ ಬೆಲೆಯ ಕಾಲಂ ಮೇಲಕ್ಕೆ ತಳ್ಳುತ್ತಾರೆ. ಸ್ಟಾಕ್ ಮುಗಿದ ಸರಕಿಗೆ ಬೆಲೆಯೇ ಇರುವುದಿಲ್ಲವಲ್ಲ, ಅಂಥದ್ದೊಂದು ನಡುವೆ ಬಂದರೆ ಅಲ್ಲಿಂದ ಕೆಳಗಿನದೆಲ್ಲ ಜಾರಿತು. ಗಾಣದವರ ಪಟ್ಟಿಯ ಎಂಟನೇ ಸಾಲಿನಲ್ಲಿ ಇದ್ದದ್ದು ಇಂಥದೇ ಸರಕು.

ಆದ್ದರಿಂದ ಮೊದಲು ಡಬ್ಬ ಹಿಡಿಯಿರಿ. ಚಿತ್ರ, ಹೆಸರು, ಬೆಲೆ ಎಲ್ಲ ಸೇರಿದ ಇಡೀ ಚೌಕವೇ ಡಬ್ಬ. ಸೆಲೆಕ್ಟರ್‌ನ ಟೈಪ್ ‘ಎಲಿಮೆಂಟ್’ ಇಡಿ, ಮಲ್ಟಿಪಲ್ ಟಿಕ್ ಹಾಕಿ. ‘ಸೆಲೆಕ್ಟ್’ ಒತ್ತಿ ಮೊದಲ ಸರಕಿನ ಮೇಲೆ ಕ್ಲಿಕ್ಕಿಸಿ. ಬರೀ ಹೆಸರಷ್ಟೇ ಕೆಂಪಾದರೆ ಕೀಬೋರ್ಡಿನ ‘ಪಿ’ ಒತ್ತುತ್ತ ಹೋಗಿ, ಆಯ್ಕೆ ಒಂದೊಂದೇ ಸುತ್ತು ಹಿಗ್ಗಿ ಇಡೀ ಚೌಕ ಕೆಂಪಾಗುತ್ತದೆ. ಹಿಗ್ಗಿದ್ದು ಹೆಚ್ಚಾದರೆ ‘ಸಿ’. ಎರಡನೇ ಡಬ್ಬವನ್ನೂ ಹೀಗೇ ಹಿಡಿದರೆ ಉಳಿದವು ತಾವೇ ಸೇರಿಕೊಳ್ಳುತ್ತವೆ. ಈಗ ಆ ಡಬ್ಬದ ಸೆಲೆಕ್ಟರ್ ಒಳಗೆ ಹೋಗಿ ಹೆಸರು, ಬೆಲೆ, ಲಿಂಕ್ ಎಂದು ಮೂರು ಮಕ್ಕಳನ್ನು, ಅಂದರೆ ಒಳ ಸೆಲೆಕ್ಟರ್‌ಗಳನ್ನು ಮಾಡಿ. ಈ ಮೂರಕ್ಕೂ ಮಲ್ಟಿಪಲ್ ಟಿಕ್ ಬೇಡವೇ ಬೇಡ. ಬೆಲೆ ಇಲ್ಲದ ಸರಕು ಬಂದರೆ ಅದರ ಸಾಲಿನಲ್ಲೇ ಮನೆ ಖಾಲಿ ಉಳಿಯುತ್ತದೆ, ಪಕ್ಕದವರದನ್ನು ಎಳೆದುಕೊಳ್ಳುವುದಿಲ್ಲ.

ಬೆಲೆ ಹಿಡಿಯುವಾಗ ಕಣ್ಣಿಟ್ಟು ನೋಡಿ. ಒಂದೇ ಡಬ್ಬದಲ್ಲಿ ಗೀಟು ಹೊಡೆದ ಎಂಆರ್‌ಪಿ, ಮಾರುವ ಬೆಲೆ, 100 ಮಿ.ಲೀ. ಲೆಕ್ಕದ ಬೆಲೆ ಮೂರೂ ಇರಬಹುದು. ‘ಡೇಟಾ ಪ್ರಿವ್ಯೂ’ ಒತ್ತಿ ಐದು ಸರಕನ್ನು ಪುಟದ ಜೊತೆ ಬೆರಳಿಟ್ಟು ತಾಳೆ ಹಾಕದೆ ಮುಂದೆ ಹೋಗಬೇಡಿ.

ಪುಟಗಳು ಹಲವಿದ್ದರೆ ವಿಳಾಸದಲ್ಲಿ ಪುಟಸಂಖ್ಯೆಯ ಜಾಗಕ್ಕೆ [1-5] ಎಂದು ಬರೆದರೆ ಆಯಿತು. ಸ್ಕ್ರೇಪ್ ಒತ್ತುವಾಗ ಎರಡು ಪುಟಗಳ ನಡುವಿನ ಬಿಡುವು 2000 ಮಿಲಿಸೆಕೆಂಡ್ ಎಂದಿರುತ್ತದೆ. ನಾನು 5000ಕ್ಕೆ ಏರಿಸುತ್ತೇನೆ, ನೀವೂ ಏರಿಸಿ. 429 ಎಂಬ ಸಂಖ್ಯೆ ಕಂಡರೆ ಅತಿಯಾಯಿತು ಎಂದು ಸರ್ವರ್ ಹೇಳುತ್ತಿದೆ ಎಂದರ್ಥ, ಅಲ್ಲಿಗೇ ನಿಲ್ಲಿಸಿ. ನೀವು ಮನುಷ್ಯರೇ ಎಂದು ಪರೀಕ್ಷಿಸುವ ಕ್ಯಾಪ್ಚಾ ಬಂದರೂ ಅಷ್ಟೇ. ಅದನ್ನು ದಾಟಿಸುತ್ತೇವೆ ಎನ್ನುವ ಸಲಕರಣೆಗಳ ಗೊಡವೆ ಬೇಡ.

ಫೈಲನ್ನು ಎಕ್ಸೆಲ್‌ನದೇ ಆದ ಎಕ್ಸ್‌ಎಲ್‌ಎಸ್‌ಎಕ್ಸ್ ರೂಪದಲ್ಲೇ ಇಳಿಸಿಕೊಳ್ಳಿ. ಬರೀ ಅಕ್ಷರಗಳ ಸಿಎಸ್‌ವಿ ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆದರೆ ಎಕ್ಸೆಲ್‌ನಲ್ಲಿ ಕನ್ನಡ ಅಕ್ಷರ, ರೂಪಾಯಿ ಚಿಹ್ನೆ ಎರಡೂ ಕೆಡಬಹುದು. ಬೆಲೆಯಿಂದ ರೂಪಾಯಿ ಚಿಹ್ನೆ, ಅಲ್ಪವಿರಾಮ ತೆಗೆಯಿರಿ, ಚುಕ್ಕಿಯನ್ನು ಮಾತ್ರ ಮುಟ್ಟಬೇಡಿ. ಚುಕ್ಕಿಯೂ ಹೋದರೆ ₹1,149.00 ಎಂಬುದು 114900 ಆಗಿ ಕೂರುತ್ತದೆ. ಜಾಹೀರಾತಿನ ಸರಕು ಪ್ರತಿ ಪುಟದಲ್ಲೂ ಬರುವುದರಿಂದ, ಲಿಂಕಿನೊಳಗಿನ ಸರಕಿನ ಕೋಡ್ ನೋಡಿ ನಕಲು ಸಾಲುಗಳನ್ನು ಅಳಿಸಿ.

ಇನ್ನು ಅಳತೆ. ಒಬ್ಬರು ಲೀಟರ್ ಎನ್ನುತ್ತಾರೆ, ಒಬ್ಬರು ಕಿಲೋ ಎನ್ನುತ್ತಾರೆ. ಶೇಂಗಾ ಎಣ್ಣೆ ಲೀಟರಿಗೆ ಸುಮಾರು 910 ಗ್ರಾಂ ತೂಗುತ್ತದೆ. ಕಿಲೋ ದರವನ್ನು 0.91ರಿಂದ ಗುಣಿಸಿದರೆ ಲೀಟರ್ ದರ. 15 ಕಿಲೋ ಟಿನ್ನಿನಲ್ಲಿ ಹದಿನಾರೂವರೆ ಲೀಟರ್ ಹತ್ತಿರ ಇರುತ್ತದೆ. ಎಲ್ಲವನ್ನೂ ಲೀಟರಿಗೆ ತಂದು, ಗಾಣದ್ದನ್ನೂ ರಿಫೈನ್ಡ್ ಎಣ್ಣೆಯನ್ನೂ ಬೇರೆ ಹಾಳೆಗಳಿಗೆ ಹಾಕಿ, ಇಳಿಸಿದ ದಿನಾಂಕವನ್ನು ಮೊದಲ ಕಾಲಂನಲ್ಲಿ ಬರೆದಿಡಿ. ಗಾಣದವರು ಈಗ ಸೋಮವಾರಕ್ಕೊಮ್ಮೆ ಹೀಗೆ ಪಟ್ಟಿ ಇಳಿಸುತ್ತಾರೆ, ದರದ ಬೋರ್ಡ್ ಬರೆಸುವ ಮೊದಲು ಹತ್ತು ಸಾಲನ್ನು ಪುಟ ತೆರೆದು ಕಣ್ಣಾರೆ ನೋಡುತ್ತಾರೆ.