ಥ್ರೋ-ಇನ್ ನಂಬಿ ಆಡಿದ ಒಂದು ಹಂಗಾಮು

ಕಾಲೇಜು ಫುಟ್‌ಬಾಲ್ ತಂಡಕ್ಕೆ ಸಿಗುವ ಅವಧಿ ಎಷ್ಟು ಕಿರಿದು ಎಂಬುದನ್ನು ಈ ಕೆಲಸ ಮಾಡುವವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಪ್ರವೇಶಾತಿ ಮುಗಿದು ಹುಡುಗರು ಮೈದಾನಕ್ಕೆ ಇಳಿಯುವಷ್ಟರಲ್ಲಿ ಮೊದಲ ಪಂದ್ಯಕ್ಕೆ ಐದಾರು ವಾರ ಉಳಿದಿರುತ್ತದೆ. ಅದರಲ್ಲಿ ಒಂದು ವಾರವನ್ನು ಕಿರುಪರೀಕ್ಷೆ ನುಂಗುತ್ತದೆ. ಅಷ್ಟರೊಳಗೆ ಚಿಕ್ಕ ಪಾಸುಗಳಲ್ಲಿ ಆಟ ಕಟ್ಟುವುದನ್ನು ಕಲಿಸುತ್ತೇನೆಂದು ಮೂರು ವರ್ಷ ಹೆಣಗಿ, ಮೂರು ವರ್ಷವೂ ಎರಡನೇ ಸುತ್ತು ದಾಟದೆ ಮರಳಿದ ಮೇಲೆ, ನಾಲ್ಕನೆಯ ವರ್ಷ ವಾರದ ಆರು ದಿನಗಳಲ್ಲಿ ಎರಡನ್ನು ಥ್ರೋ-ಇನ್ (ಬದಿಗೆರೆ ದಾಟಿದ ಚೆಂಡನ್ನು ಕೈಯಿಂದ ಒಳಗೆಸೆಯುವುದು) ಮತ್ತು ಕಾರ್ನರ್‌ಗಳಿಗೇ (ಮೈದಾನದ ಮೂಲೆಯಿಂದ ಒದೆಯುವುದು) ಮೀಸಲಿಟ್ಟೆ. 'ಕಾಲಿನ ಆಟವನ್ನು ಕೈಯಲ್ಲಿ ಕಲಿಸುತ್ತಿದ್ದೀರಲ್ಲ' ಎಂದು ಹಿರಿಯ ತರಬೇತುದಾರರೊಬ್ಬರು ಎಲ್ಲರೆದುರೇ ನಕ್ಕರು. 2018ರಲ್ಲಿ ಲಿವರ್‌ಪೂಲ್ ಕ್ಲಬ್ಬು ಥಾಮಸ್ ಗ್ರೋನೆಮಾರ್ಕ್ ಅವರನ್ನು ಥ್ರೋ-ಇನ್‌ಗೆಂದೇ ತರಬೇತುದಾರರನ್ನಾಗಿ ನೇಮಿಸಿಕೊಂಡಾಗಲೂ ನಕ್ಕವರಿದ್ದರು ಎಂದು ನನ್ನನ್ನು ನಾನೇ ಸಮಾಧಾನಪಡಿಸಿಕೊಂಡೆ.

ಹಿಂದಿನ ವರ್ಷದ ಪಂದ್ಯಗಳಲ್ಲಿ ಬೆಂಚಿನ ಮೇಲೆ ಕೂತು ಎಣಿಸಿದ್ದೆ. ನಮಗೆ ಪಂದ್ಯಕ್ಕೆ ಇಪ್ಪತ್ತರ ಆಸುಪಾಸು ಥ್ರೋ-ಇನ್ ಸಿಗುತ್ತಿದ್ದವು, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಎರಡೇ ಕ್ಷಣದಲ್ಲಿ ಎದುರಾಳಿಯ ಪಾಲಾಗುತ್ತಿದ್ದವು. ನೇರವಾಗಿ ಎಸೆದ ಚೆಂಡಿಗೆ ಆಫ್‌ಸೈಡ್, ಅಂದರೆ ಕೊನೆಯ ಡಿಫೆಂಡರ್‌ನನ್ನು ದಾಟಿ ನಿಂತವನಿಗೆ ಚೆಂಡು ಕೊಡುವುದು ತಪ್ಪೆನ್ನುವ ನಿಯಮ, ಇಲ್ಲ; ಎದುರಾಳಿ ಎರಡು ಮೀಟರ್ ದೂರ ನಿಲ್ಲಲೇಬೇಕು. ಇಷ್ಟು ಅನುಕೂಲವಿದ್ದೂ ಕಳೆದುಕೊಳ್ಳುತ್ತಿದ್ದುದು ನಮ್ಮದೇ ತಪ್ಪು.

ಮೊದಲ ಪ್ರಯತ್ನ ಹಾಳಾಯಿತು. ತೋಳುಬಲವಿದ್ದ ಬಲಬದಿಯ ಡಿಫೆಂಡರ್‌ನಿಂದ ಪೆನಾಲ್ಟಿ ಆವರಣಕ್ಕೇ ಉದ್ದದ ಎಸೆತ ಹಾಕಿಸಿದೆ. ಮೊದಲ ಪಂದ್ಯದಲ್ಲೇ ಅವನ ಹಿಂಗಾಲು ನೆಲ ಬಿಟ್ಟಿತೆಂದು ಮೂರು ಎಸೆತಗಳು ಎದುರಾಳಿಗೆ ಹೋದವು; ಸರಿಯಾಗಿ ಬಿದ್ದ ನಾಲ್ಕನೆಯದನ್ನು ಅವರ ಗೋಲ್‌ಕೀಪರ್ ಹಿಡಿದು ಮುಂದಕ್ಕೆ ಎಸೆದಾಗ, ನಮ್ಮ ಎತ್ತರದ ಹುಡುಗರೆಲ್ಲ ಅವರ ಗೋಲಿನ ಮುಂದೆಯೇ ನಿಂತಿದ್ದರು. ಗೋಲು ಬಿಟ್ಟುಕೊಟ್ಟೆವು, ಪಂದ್ಯವೂ ಹೋಯಿತು.

ಕಾಲು ಏಳುವ ಚಾಳಿಯನ್ನು ಬಿಡಿಸಿದ್ದು ಒಂದು ಕಾಗದದ ಪಟ್ಟಿ. ನಿಂತಲ್ಲಿಂದಲೇ ಎಸೆಯುವವನ ಹಿಂಗಾಲಿನ ತುದಿಯ ಕೆಳಗೆ ಅದನ್ನಿಟ್ಟು, ಚೆಂಡು ಕೈಬಿಡುವ ಹೊತ್ತಿಗೆ ಇನ್ನೊಬ್ಬ ಹುಡುಗ ಎಳೆಯುವಂತೆ ಮಾಡಿದೆ. ಕಾಗದ ಹರಿದರೆ ಎಸೆತ ಸರಿ. ಇಡಿಯಾಗಿ ಕೈಗೆ ಬಂದರೆ ಪಾದ ಎದ್ದಿತ್ತೆಂದೇ ಅರ್ಥ. ಹತ್ತು ದಿನಗಳಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳ ಒಂದು ಕಟ್ಟು ಚಿಂದಿಯಾಯಿತು. ಉದ್ದದ ಎಸೆತವನ್ನು ಕೈಬಿಟ್ಟು, ಹತ್ತಿರದವನಿಗೆ ಕೊಟ್ಟು ಎಸೆದವನೇ ಮರಳಿ ಪಡೆಯುವ ಕ್ರಮಕ್ಕೆ ಬಂದೆವು. ಎಸೆದವನು ಮೈದಾನದೊಳಗೆ ಹೆಜ್ಜೆ ಇಡುವಾಗ ಅವನ ಮೇಲೆ ಕಣ್ಣಿಡಲು ಎದುರಾಳಿಗಳು ಮರೆಯುವುದೇ ಹೆಚ್ಚು. ಯಾರು ಯಾವ ಕಡೆಗೆ ಓಡಬೇಕೆಂದು ತಿಳಿಸುವ ಸಂಕೇತವನ್ನು ಇಲ್ಲಿ ಬರೆಯಲಾರೆ, ಅದು ಮುಂದಿನ ವರ್ಷಕ್ಕೂ ಬೇಕು.

ಹಣದ ವಿಷಯದಲ್ಲಿ ಪೆಟ್ಟು ತಿಂದೆ. ಇಪ್ಪತ್ತೆರಡು ಹುಡುಗರಿಗೆ ಆರು ಚೆಂಡಿದ್ದರೆ ಇಂತಹ ಅಭ್ಯಾಸ ಸಾಗದೆಂದು, ಹೊಸ ಜೆರ್ಸಿಗಳನ್ನು ಬಿಟ್ಟು ಅನುದಾನದ ಕಾಲುಭಾಗದಲ್ಲಿ ಅಗ್ಗದ ಹನ್ನೆರಡು ಚೆಂಡುಗಳನ್ನು ತಂದೆ. ಎರಡೇ ವಾರದಲ್ಲಿ ಅವು ಮೊಟ್ಟೆಯ ಆಕಾರ ತಾಳಿದವು. 5ನೇ ಅಳತೆಯ ಚೆಂಡಿನ ಸುತ್ತಳತೆ 68ರಿಂದ 70 ಸೆಂಟಿಮೀಟರ್ ಇರಬೇಕು. ದರ್ಜಿಯ ಟೇಪು ಸುತ್ತಿ ನೋಡಿದರೆ ಒಂದು 72 ದಾಟಿತ್ತು. ಪ್ರಯಾಣಕ್ಕಿಟ್ಟ ಹಣದಿಂದ ಕಡಿದು ಒಳ್ಳೆಯ ಎಂಟು ಚೆಂಡುಗಳನ್ನು ಮತ್ತೆ ಕೊಳ್ಳಬೇಕಾಯಿತು, ದೂರದ ಎರಡು ಸ್ನೇಹಪಂದ್ಯಗಳನ್ನು ಬಿಡಬೇಕಾಯಿತು. ಹಳೆಯ ಜೆರ್ಸಿ ತೊಟ್ಟ ಹುಡುಗರು ಒಂದು ತಿಂಗಳು ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ಆ ಹಾಳು ಚೆಂಡುಗಳು ಒಂದು ಪ್ರಯೋಗಕ್ಕಾದರೂ ಒದಗಿದವು. ಬಕೆಟ್‌ನಲ್ಲಿ ನೆನೆಸಿ ಎಸೆಸಿದೆ; ಮಳೆಯ ದಿನ ಕೈ ಜಾರುವುದು ನಿಂತಿತು. ಗಾಳಿಯ ಒತ್ತಡವನ್ನು ನಿಯಮದ ಕೆಳಮಿತಿಯಾದ 0.6 ಅಟ್ಮಾಸ್ಫಿಯರ್‌ಗೆ ಇಳಿಸಿಯೂ ನೋಡಿದೆ: ಹಿಡಿತ ಚೆನ್ನಾಗಿತ್ತು, ಆದರೆ ಕಾರ್ನರ್ ಒದೆತ ಗೋಲಿನ ಹತ್ತಿರದ ಕಂಬದಾಚೆ ಹೋಗುತ್ತಲೇ ಇರಲಿಲ್ಲ. ಅದನ್ನು ಅಲ್ಲಿಗೇ ನಿಲ್ಲಿಸಿದೆ. ಓಟದ ಸುತ್ತುಗಳ ಬದಲು ಗಾಯ ತಡೆಯಲೆಂದು ಫಿಫಾ ರೂಪಿಸಿದ 11+ ವಾರ್ಮ್-ಅಪ್ ಮಾಡಿಸಿದ್ದಕ್ಕೋ ಏನೋ, ಹಿಂದಿನ ವರ್ಷ ತೊಡೆಯ ಸ್ನಾಯುವಿನ ಪೆಟ್ಟಿನಿಂದ ನಾಲ್ವರು ಹೊರಗುಳಿದಿದ್ದರೆ ಈ ಸಲ ಒಬ್ಬನೇ.

ನೆನಪಿನಿಂದ ಹೇಳುವುದಾದರೆ 14 ಪಂದ್ಯಗಳಲ್ಲಿ ಒಂಬತ್ತನ್ನು ಗೆದ್ದೆವು. ಹೊಡೆದ ಇಪ್ಪತ್ನಾಲ್ಕೋ ಇಪ್ಪತ್ತೈದೋ ಗೋಲುಗಳಲ್ಲಿ ಹತ್ತು ಥ್ರೋ-ಇನ್ ಅಥವಾ ಕಾರ್ನರ್‌ನಿಂದ ಹುಟ್ಟಿದವು. ಸೆಮಿಫೈನಲ್‌ನಲ್ಲಿ ಕೊನೆಯ ಡಿಫೆಂಡರ್‌ನ ಬೆನ್ನ ಹಿಂದೆ ನಿರಾಳವಾಗಿ ನಿಂತಿದ್ದ ನಮ್ಮ ಹುಡುಗನಿಗೆ ಚೆಂಡು ಎಸೆದಾಗ, ಎದುರು ತಂಡದವರೆಲ್ಲ ಆಫ್‌ಸೈಡ್ ಎಂದು ಕೈಯೆತ್ತಿ ನಿಂತರು. ಅವನು ಒಬ್ಬನೇ ಒಳನುಗ್ಗಿ ಗೋಲು ಹೊಡೆದ. ನಕ್ಕಿದ್ದ ಆ ಹಿರಿಯರು ಅಂದು ಪ್ರೇಕ್ಷಕರ ಸಾಲಿನಲ್ಲೇ ಇದ್ದರು, ಪಂದ್ಯ ಮುಗಿದ ಮೇಲೆ ಬಂದು ಸಂಕೇತ ಯಾವುದೆಂದು ಕೇಳಿದರು. ನಾನು ಹೇಳಲಿಲ್ಲ.

ಫೈನಲ್‌ನಲ್ಲಿ 0-1ರಿಂದ ಸೋತೆವು, ಅದೂ ಎದುರಾಳಿಯ ಕಾರ್ನರ್‌ಗೆ. ನಮ್ಮ ಕಾರ್ನರ್‌ಗಳನ್ನು ಅಷ್ಟು ತಿದ್ದಿದವನು ಅವರ ಕಾರ್ನರ್ ತಡೆಯುವುದಕ್ಕೆ ಒಂದು ಸಂಜೆಯನ್ನೂ ಕೊಟ್ಟಿರಲಿಲ್ಲ. ಮುಂದಿನ ವರ್ಷಕ್ಕೆ ವಾರದ ಆ ಎರಡು ದಿನಗಳಲ್ಲಿ ಒಂದನ್ನು ಅದಕ್ಕೇ ಇಟ್ಟಿದ್ದೇನೆ.